ತಾಯಿಯ ಕಾಲಂ

ಅರ್ಜಿ ಅಂದರೆ ಹೆಚ್ಚೆಂದರೆ ಎರಡು ಹಾಳೆ ಎಂದುಕೊಂಡಿದ್ದರು ಮನೆಯವರು. ಆಚೆ ದೇಶದ ಕಾಲೇಜು ಕಳಿಸಿದ್ದು ಇಪ್ಪತ್ತೆರಡು ಪುಟ. ಅಡುಗೆಮನೆಯ ಮೇಜಿನ ಮೇಲೆ ಅದನ್ನು ಹರಡಿದರೆ ತಟ್ಟೆ ಇಡಲು ಜಾಗವಿರಲಿಲ್ಲ. ಹೀಗಾಗಿ ಒಂದು ವಾರ ಆ ಮನೆಯಲ್ಲಿ ಎಲ್ಲರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೇ ಉಂಡರು.

"ಇವಳು ಕಾಲೇಜು ಸೇರೋಕೆ ತಾತನ ಹುಟ್ಟಿದ ತಾರೀಖು ಯಾಕಂತೆ?" ಎಂದಳು ಅಜ್ಜಿ. "ಅವರನ್ನೂ ಸೇರಿಸ್ಕೋತಾರಾ?"

"ಸೇರಿಸ್ಕೊಂಡ್ರೆ ಕಳಿಸ್ತೀಯಾ?" ಮೊಮ್ಮಗಳು ತಲೆ ಎತ್ತದೆ ಕೇಳಿದಳು.

"ಇದ್ದಾಗಲೇ ಸ್ಕೂಲಿನ ಕಡೆ ತಲೆ ಹಾಕಿ ಮಲಗಿದವರಲ್ಲ. ಈಗ ಹೋಗಿ ಏನು ಮಾಡ್ತಾರೆ."

ಮೊಮ್ಮಗಳಿಗೆ ಹತ್ತೊಂಬತ್ತು. ಮನೆಯಲ್ಲಿ ಅವಳನ್ನು ಸೂಜಿ ಎನ್ನುತ್ತಿದ್ದರು. ಮೈಯೂ ಹಾಗೆ, ಮಾತೂ ಹಾಗೆ. ಅವಳು ಸೇರಬೇಕೆಂದಿದ್ದುದು ಕೃತಕ ಕೈಕಾಲು ಮಾಡುವ ಓದಿಗೆ. ಅವಳ ತಾಯಿ ಹದಿನೆಂಟು ವರ್ಷದಿಂದ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಬಟ್ಟೆ ಇಸ್ತ್ರಿ ಮಾಡುವವಳು. ಲಾಂಡ್ರಿಯವರಿಗೂ ಬೀದಿಯವರಿಗೂ ಅವಳು ಇಸ್ತ್ರಿಯಕ್ಕ. ರಜೆಯ ದಿನ ತಾಯಿಯ ಹಿಂದೆ ಹೋಗಿ ಲಾಂಡ್ರಿಯ ಎದುರಿನ ಕೋಣೆಯಲ್ಲಿ ಗೋಡೆಗೆ ಒರಗಿಸಿಟ್ಟ ಮರದ ಕಾಲುಗಳನ್ನು ನೋಡುತ್ತ ನೋಡುತ್ತ ಹುಡುಗಿಗೆ ಅದೇ ಹುಚ್ಚು ಹಿಡಿದಿತ್ತು. ಈ ಕಡೆ ಆ ಓದು ಇರಲಿಲ್ಲ. ಆಚೆ ದೇಶದಲ್ಲಿ ಒಂದೇ ಕಾಲೇಜು, ಹೊರಗಿನವರಿಗೆ ಆರೇ ಸೀಟು.

"ಹದಿನಾಲ್ಕನೇ ಕಾಲಂ," ಎಂದಳು ಸೂಜಿ. "ತಾಯಿ ಬದುಕಿದ್ದಾರೆಯೇ? ಹೌದು. ಬೈಯ್ತಾರೆಯೇ ಅಂತ ಕೇಳಿಲ್ಲ. ಕೇಳಿದ್ರೆ ಅದಕ್ಕೂ ಹೌದು."

"ಬಾಯಿ ಕಾಲೇಜಿಗೆ ಹೋಗಲ್ಲ, ಕೈ ಹೋಗೋದು. ಬರಿ," ಎಂದಳು ಇಸ್ತ್ರಿಯಕ್ಕ, ಪಾತ್ರೆ ಉಜ್ಜುತ್ತ.

"ಹದಿನೈದು. ತಂದೆ ಅಥವಾ ತಾಯಿ ಹಿಂದೆ ಯಾವಾಗಲಾದರೂ ನಮ್ಮ ದೇಶದಲ್ಲಿ ಇದ್ದರೇ? ಅಪ್ಪ, ನೀನು?"

ಅಪ್ಪ ಸಿಟಿ ಬಸ್ಸಿನ ಡ್ರೈವರ್. "ನಾನು ದಿನಾ ನೂರಿಪ್ಪತ್ತು ಕಿಲೋಮೀಟರ್ ಹೋಗ್ತೀನಿ, ಹೊರಟ ಜಾಗಕ್ಕೇ ಬಂದು ನಿಲ್ತೀನಿ. ಇಲ್ಲ ಅಂತ ಬರಿ."

"ಅಮ್ಮ?"

ಉಜ್ಜುವ ಸದ್ದು ನಿಂತಿತು. "ಇಲ್ಲ," ಎಂದಳು ಇಸ್ತ್ರಿಯಕ್ಕ. ಆಮೇಲೆ, ಯಾರೂ ಕೇಳದಿದ್ದರೂ, "ಲಾಂಡ್ರಿ ಬಿಟ್ಟು ನಾನೆಲ್ಲಿ ಹೋಗ್ಲಿ," ಎಂದು ಸೇರಿಸಿದಳು.

"ಹದಿನಾರು. ತಂದೆಯ ಒಡಹುಟ್ಟಿದವರು."

ಡ್ರೈವರ್ ತಟ್ಟೆ ಕೆಳಗಿಟ್ಟ. "ಯಾರೂ ಇಲ್ಲ ಅಂತ ಬರಿ."

"ಹಾಗೆ ಹೇಗೆ ಬರೀತಾಳೋ?" ಎಂದಳು ಅಜ್ಜಿ. "ನಾಳೆ ನಿನ್ನ ತಂಗಿ ಬಾಗಿಲಲ್ಲಿ ಬಂದು ನಿಂತ್ರೆ ಏನು ಹೇಳ್ತೀಯಾ?"

"ಹದಿನೇಳು ವರ್ಷದಿಂದ ಆ ನಾಳೆ ಬರ್ತಾನೇ ಇದೆಯಮ್ಮ." ಸೂಜಿ ಅಪ್ಪನ ಕಡೆ ನೋಡದೆ, ತಂಗಿ ಒಬ್ಬಳು ಎಂದು ಬರೆದಳು.

ಆ ಮನೆಯಲ್ಲಿ ಇದ್ದವರು ನಾಲ್ವರು, ಅಡುಗೆ ಆಗುತ್ತಿದ್ದುದು ಐವರಿಗೆ. ಅಕ್ಕಿ ಅಳೆಯುವುದು ಅಜ್ಜಿಯ ಹಕ್ಕು; ಕೊನೆಗೆ ಒಂದು ಹಿಡಿ ಹೆಚ್ಚು ಹಾಕಿಯೇ ಅವಳು ಡಬ್ಬಿಯ ಮುಚ್ಚಳ ಹಾಕುವುದು. ಡ್ರೈವರನ ತಂಗಿ ಒಂದು ಬೆಳಿಗ್ಗೆ ಬಟ್ಟೆಯ ಚೀಲ ಹಿಡಿದು ಹೋದವಳು ಮರಳಿ ಬಂದಿರಲಿಲ್ಲ. ಯಾರದೋ ಜೊತೆ ಓಡಿಹೋದಳು ಎಂದು ಅಣ್ಣ ತೀರ್ಮಾನ ಕೊಟ್ಟು ಬಾಗಿಲು ಹಾಕಿಕೊಂಡಿದ್ದ. ಅಜ್ಜಿ ಹಾಕಿಕೊಂಡಿರಲಿಲ್ಲ. ಸಂಜೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದರೆ "ಬಂದಳು ನೋಡೇ" ಎನ್ನುವಳು. ಬಂದವನು ಮೇಲಿನ ಮನೆಯ ಬಾಡಿಗೆಯವನಾಗಿರುತ್ತಿದ್ದ. ಈಚೆಗೆ ಅವಳ ಕಣ್ಣು ಮಂಜಾದ ಮೇಲೆ ಇನ್ನೊಂದು ಶುರುವಾಗಿತ್ತು. ಸೂಜಿ ಒದ್ದೆ ತಲೆ ಒರೆಸಿಕೊಳ್ಳುತ್ತ ಒಳಗೆ ಬಂದರೆ ಅಜ್ಜಿ ಒಂದು ಕ್ಷಣ ಮಂಚದಿಂದ ಅರ್ಧ ಏಳುವಳು. ಆಮೇಲೆ, "ಓ, ನೀನಾ," ಎಂದು ಕೂರುವಳು. ಆ "ನೀನಾ" ಕೇಳಿದಾಗೆಲ್ಲ ಇಸ್ತ್ರಿಯಕ್ಕ ಮಾಡುತ್ತಿದ್ದ ಕೆಲಸ ಬಿಟ್ಟು ಬೇರೆ ಕೋಣೆಗೆ ಹೋಗುವಳು.

ಅರ್ಜಿ ಹೋಗಿ ಮೂರು ವಾರಕ್ಕೆ ಉತ್ತರ ಬಂತು. ಸೂಜಿ ಅದನ್ನು ಹಿಡಿದುಕೊಂಡು ಮಧ್ಯಾಹ್ನ ನೇರ ಲಾಂಡ್ರಿಗೇ ಬಂದಳು. ಉಗಿಯ ನಡುವೆ ತಾಯಿ ದೊಡ್ಡ ಇಸ್ತ್ರಿ ಯಂತ್ರದ ಹಿಡಿ ಇಳಿಸುತ್ತಿದ್ದಳು.

"ಅಮ್ಮ, ನಿಂಗೆ ಗೊತ್ತಾ? ನೀನು ಸತ್ತು ಎಂಟು ವರ್ಷ ಆಯ್ತಂತೆ."

ಪಕ್ಕದಲ್ಲಿ ದಿಂಬಿನ ಚೀಲ ಮಡಚುತ್ತಿದ್ದ ಹೆಂಗಸು ನಕ್ಕಳು. "ಅದಕ್ಕೇ ಅಕ್ಕಂಗೆ ಸಂಬಳ ಏರಿಲ್ಲ ನೋಡು."

"ತಮಾಷೆ ಅಲ್ಲ, ಓದ್ತೀನಿ ಕೇಳಿ. ಅರ್ಜಿದಾರಳ ತಾಯಿಯ ಹೆಸರು, ಜನ್ಮದಿನಾಂಕ ಹಾಗೂ ಜನನ ನೋಂದಣಿ ಸಂಖ್ಯೆಯುಳ್ಳ ಮಹಿಳೆ ಹದಿನೇಳು ವರ್ಷಗಳ ಹಿಂದೆ ಕಾರ್ಮಿಕಳಾಗಿ ನಮ್ಮ ದೇಶ ಪ್ರವೇಶಿಸಿದ್ದು, ಎಂಟು ವರ್ಷಗಳ ಹಿಂದೆ ಬಂದರಿನ ಸರಕಾರಿ ಆಸ್ಪತ್ರೆಯಲ್ಲಿ ನಿಧನರಾಗಿದ್ದಾರೆ. ಹದಿನಾಲ್ಕು ದಿನಗಳೊಳಗೆ ವಿವರಣೆ ಬರದಿದ್ದರೆ ಅರ್ಜಿ ತಿರಸ್ಕೃತ. ಯಾವನೋ ಗುಮಾಸ್ತ ಯಾರದ್ದೋ ಫೈಲ್ ನನ್ನ ತಲೆಗೆ ಕಟ್ಟಿದ್ದಾನೆ."

ಸುಟ್ಟ ವಾಸನೆ ಬಂದದ್ದು ಆಗ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಇಸ್ತ್ರಿಯಕ್ಕನ ಕೈಯಲ್ಲಿ ಒಂದು ಹಾಸಿಗೆಬಟ್ಟೆ ಕಂದಿತ್ತು. ಅವಳು ಹಿಡಿ ಎತ್ತಿದಳು, ಬಟ್ಟೆಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು, ಮಗಳ ತೋಳು ಹಿಡಿದು ಹಿಂದಿನ ಅಂಗಳಕ್ಕೆ ಕರೆದೊಯ್ದಳು. ಅಲ್ಲಿ ತಂತಿಯ ಮೇಲೆ ಸಾಲು ಸಾಲು ಬಿಳಿ ಬಟ್ಟೆ. ಅವುಗಳ ನಡುವೆ ನಿಂತರೆ ಯಾರಿಗೂ ಕಾಣುವುದಿಲ್ಲ.

"ಗುಮಾಸ್ತಂದು ತಪ್ಪಲ್ಲ ಕಣೇ," ಎಂದಳು. "ಹೋದೋಳು ನಿನ್ನ ಸೋದರತ್ತೆ. ಹೋಗಿದ್ದು ನನ್ನ ಕಾಗದದ ಮೇಲೆ."

ಸೂಜಿ ಕೈಯಲ್ಲಿದ್ದ ಪತ್ರವನ್ನು ಮತ್ತೆ ಬಿಚ್ಚಿದಳು.

"ಮೀನು ಡಬ್ಬಿಗೆ ತುಂಬೋ ಕಾರ್ಖಾನೆ. ಹತ್ತನೇ ಕ್ಲಾಸು ಪಾಸಾಗಿರ್ಬೇಕು, ಮದುವೆ ಆಗಿರ್ಬೇಕು ಅಂತ ಕೇಳ್ತಿದ್ರು. ಅವಳು ಏಳನೇದು ಫೇಲು, ಮದುವೆನೂ ಇಲ್ಲ. ನನಗೆ ಎರಡೂ ಇತ್ತು. ಲೇಟಾಗಿ ಬಂದಳು ಅಂತ ನಿಮ್ಮಪ್ಪ ಬಾಡಿಗೆಯವರ ಎದುರಿಗೇ ಅವಳ ಕೆನ್ನೆಗೆ ಹೊಡೆದ್ರು. ಆವತ್ತು ನನ್ನ ಹತ್ರ ಬಂದು ಕೂತಳು. ನೀನು ಅವಳ ಸೊಂಟದ ಮೇಲೇ ಇದ್ದೆ. ಒಂದೂವರೆ ವರ್ಷ, ನನಗಿಂತ ಅವಳೇ ನಿನ್ನ ಹೆಚ್ಚು ಎತ್ತಿದ್ಲು. ಆರು ತಿಂಗಳು ಅತ್ತಿಗೆ, ಆಮೇಲೆ ನಿಮ್ಮ ಕಾಗದ ವಾಪಸ್ ಕಳಿಸ್ತೀನಿ ಅಂದ್ಲು. ಕೊಟ್ಟೆ. ಮನೇಲಿ ಗೆದ್ದಲು ತಿಂದುಬಿಡ್ತು ಅಂದೆ, ನಕಲು ಮಾಡಿಸ್ಕೊಂಡೆ."

"ಆಮೇಲೆ?"

"ಲಾಂಡ್ರಿ ವಿಳಾಸಕ್ಕೆ ಎರಡು ಪತ್ರ ಬಂತು. ಕೈಗೆ ಹತ್ತಿದ ಮೀನಿನ ವಾಸನೆ ಎಷ್ಟು ತೊಳೆದರೂ ಹೋಗಲ್ಲ ಅತ್ತಿಗೆ ಅಂತ ಬರೆದಿದ್ಲು. ಆಮೇಲೆ ನಿಂತುಹೋಯ್ತು."

"ನೀನು ಹುಡುಕಲೇ ಇಲ್ವಾ?"

"ಯಾರ ಹತ್ರ ಹೋಗ್ಲಿ? ಏನಂತ ಕೇಳ್ಲಿ? ನಾನು ಎಲ್ಲಿದ್ದೀನಿ ಅಂತ ಕೇಳ್ಲಾ?"

ಗಾಳಿ ಬಂದು ಬಟ್ಟೆಗಳೆಲ್ಲ ಒಮ್ಮೆಗೇ ಅಲುಗಾಡಿದವು. ಸಾಲಿನಾಚೆ ಯಾರೋ ಹಾದುಹೋದ ಹಾಗಾಗಿ ಇಬ್ಬರೂ ತಿರುಗಿ ನೋಡಿದರು. ಯಾರೂ ಇರಲಿಲ್ಲ. ಆಗ ಸೂಜಿಗೆ ಅಳು ಬಂತು. ಯಾರಿಗಾಗಿ ಅಳುತ್ತಿದ್ದೇನೆ ಎಂದು ಅವಳಿಗೂ ಗೊತ್ತಿರಲಿಲ್ಲ. ಆ ಮುಖ ಅವಳಿಗೆ ನೆನಪಿರಲಿಲ್ಲ.

ಗಂಡನಿಗೆ ಹೇಳಲು ಇಸ್ತ್ರಿಯಕ್ಕ ಮನೆಯನ್ನು ಆರಿಸಲಿಲ್ಲ. ಮರುದಿನ ಡಿಪೋಗೆ ಹೋಗಿ, ನಿಂತ ಬಸ್ಸು ಹತ್ತಿ, ಡ್ರೈವರ್ ಸೀಟಿನ ಹಿಂದೆ ಕೂತು ಅವನ ಬೆನ್ನಿಗೆ ಹೇಳಿದಳು. ಬೈಯುತ್ತಾನೆ, ಕೈ ಎತ್ತಿದರೂ ಎತ್ತಿಯಾನು ಎಂದುಕೊಂಡಿದ್ದಳು. ಅವನು ಮುಂದಿನ ಗಾಜಿನ ಕಡೆ ನೋಡುತ್ತಲೇ ಇದ್ದ.

"ಒಬ್ಬಳೇ ಇದ್ಲಾ?"

"ಗೊತ್ತಿಲ್ಲ ರೀ."

"ಓಡಿಹೋದಳು ಅಂತ ಊರಿಗೆಲ್ಲ ಹೇಳಿದೆನಲ್ಲೇ ನಾನು." ಸೀಟಿನಿಂದ ಏಳುತ್ತ, "ಮೀನು ಅಂದ್ರೆ ಮೂಗು ಮುಚ್ಕೊಳ್ಳೋಳು," ಎಂದ. ಆಮೇಲೆ ಇಳಿದು ಹೋಗಿ, ಆಗಲೇ ಒರೆಸಿದ್ದ ಗಾಜನ್ನು ಮತ್ತೆ ಒರೆಸತೊಡಗಿದ. ಹೊರಡುವ ಮುಂಚೆ ಒಂದೇ ಮಾತು ಹೇಳಿದ: "ಅಮ್ಮಂಗೆ ಗೊತ್ತಾಗ್ಬಾರ್ದು. ಸತ್ತುಹೋಗ್ತಾಳೆ."

ಮೂವರೂ ಸೇರಿ ಅರ್ಜಿ ಮೇಷ್ಟ್ರ ಅಂಗಡಿಗೆ ಹೋದರು. ಮೇಷ್ಟ್ರು ಎಂದೂ ಪಾಠ ಹೇಳಿದವರಲ್ಲ. ನಲವತ್ತು ವರ್ಷ ಅರ್ಜಿ ತುಂಬಿ ತುಂಬಿ ಆ ಹೆಸರು ಬಂದಿತ್ತು. ಪೂರ್ತಿ ಕೇಳಿದ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಜ ಬರೆದ್ರೆ ಇನ್ನೊಬ್ಬರ ಕಾಗದದಲ್ಲಿ ಗಡಿ ದಾಟಿಸಿದ ಮನೆ ಅಂತ ಆಗುತ್ತೆ. ಹುಡುಗಿಯ ಫೈಲ್ ಮುಚ್ಚಿ ಬಿಡ್ತಾರೆ, ಈ ವರ್ಷ ಅಲ್ಲ, ಯಾವತ್ತಿಗೂ. ಅವಳು ನಾನಲ್ಲ, ಬೇರೆ ಯಾರೋ ಅಂದ್ರೆ ವಿಚಾರಣೆ. ಒಂದು ವರ್ಷ, ಎರಡು ವರ್ಷ, ಕೊನೆಗೆ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತೆ."

"ಬೇರೆ ದಾರಿ?" ಎಂದ ಡ್ರೈವರ್.

ಮೇಷ್ಟ್ರು ಇಸ್ತ್ರಿಯಕ್ಕನ ಕಡೆ ನೋಡದೆ ಹೇಳಿದರು. "ತಾಯಿಯ ಎರಡು ಕಾಲಂ ತಿದ್ದಿದ್ರೆ ಸಾಕು. ತಾಯಿ ಅಲ್ಲಿಗೆ ಹೋಗಿದ್ರು, ಅಲ್ಲೇ ತೀರಿಕೊಂಡಿದ್ದಾರೆ. ಸಾವಿನ ದಾಖಲೆ ನೀವು ಕೊಡೋದೇ ಬೇಡ, ಅವರ ಹತ್ರಾನೇ ಇದೆ. ಮಗಳ ಮನಸ್ಸು ನೋಯಬಾರದು ಅಂತ ಇಷ್ಟು ವರ್ಷ ಮುಚ್ಚಿಟ್ಟಿದ್ದೆ, ಅವಳಿಗೆ ತಿಳಿಯದೆ ತಪ್ಪಾಗಿ ತುಂಬಿದ್ದಾಳೆ ಅಂತ ತಂದೆ ಒಂದು ಅಫಿಡವಿಟ್ ಕೊಟ್ರೆ ಎಲ್ಲ ತಾಳೆ ಆಗುತ್ತೆ."

"ಮೇಷ್ಟ್ರೇ, ಅಮ್ಮ ಇಲ್ಲೇ ಕೂತಿದ್ದಾರೆ," ಎಂದಳು ಸೂಜಿ.

"ಅದು ನಮಗೆ ಗೊತ್ತು ಮಗೂ. ಅವರ ರಿಜಿಸ್ಟರಿಗೆ ಗೊತ್ತಿಲ್ಲ."

ಮನೆಯಲ್ಲಿ ನಾಲ್ಕು ದಿನ ಜಗಳ ನಡೆಯಿತು, ಅದೂ ಪಿಸುದನಿಯಲ್ಲಿ. ಅಜ್ಜಿ ಬಚ್ಚಲಿಗೆ ಹೋದಾಗ ಶುರುವಾಗುವುದು, ಬಾಗಿಲ ಚಿಲಕ ಸದ್ದು ಮಾಡಿದರೆ ನಿಲ್ಲುವುದು.

"ನಿನ್ನ ಸಾಯಿಸಿ ನಾನು ಓದ್ಬೇಕಾ? ನನಗೆ ಬೇಡ ಆ ಸೀಟು."

"ಬೇಡ ಅಂದ್ರೆ ನನ್ನ ಜೊತೆ ಲಾಂಡ್ರಿಗೆ ಬಾ. ಒಂದು ಜಾಗ ಖಾಲಿ ಇದೆ. ಮೂವತ್ತು ವರ್ಷ ಉಗಿ ಕುಡಿ."

"ಬರ್ತೀನಿ."

"ಕಾಲು ಮುರೀತೀನಿ. ಆಮೇಲೆ ಮಾಡಿ ಕೊಡೋಕೆ ನಿನ್ನಂಥವಳು ಇಲ್ಲಿ ಯಾರೂ ಇರಲ್ಲ."

ಹುಡುಗಿಗೆ ಅಳುವಿನ ನಡುವೆಯೂ ನಗು ಬಂತು. ಇಸ್ತ್ರಿಯಕ್ಕ ನಗಲಿಲ್ಲ. "ಬರೀ ಕಾಗದ ಕಣೇ. ಆವತ್ತೂ ಹಾಗೇ ಅಂದ್ಕೊಂಡು ಕೊಟ್ಟೆ, ಇವತ್ತೂ ಕೊಡ್ತೀನಿ. ಅವಳನ್ನ ನನ್ನ ಹೆಸರಲ್ಲಿ ಮಣ್ಣು ಮಾಡಿದ್ದಾರೆ. ಹಾಗಿದ್ದ ಮೇಲೆ ಅಲ್ಲಿ ನಾನು ಇಲ್ಲ ಅನ್ನೋದು ಸುಳ್ಳು ಹೇಗಾಗುತ್ತೆ?"

"ನೀನು ನನ್ನ ನೋಡೋಕೆ ಒಂದು ಸಲಾನೂ ಬರೋಕಾಗಲ್ಲ. ಗೊತ್ತಾ?"

"ಗೊತ್ತು."

ಅಫಿಡವಿಟ್ಟಿಗೆ ಡ್ರೈವರ್ ಸಹಿ ಹಾಕಿದ್ದು ಅಡುಗೆಮನೆಯ ಮೇಜಿನ ಮೇಲೆ. ಪೆನ್ನು ಎರಡು ಸಲ ಹಿಡಿದು ಇಟ್ಟ. ಮೂರನೆಯ ಸಲ ಇಸ್ತ್ರಿಯಕ್ಕ ಕಾಗದ ಜಾರದಂತೆ ಮೇಲೆ ಬೆರಳಿಟ್ಟು ಹಿಡಿದಳು. "ನನ್ನ ಹೆಂಡತಿಯು" ಎಂದು ಶುರುವಾಗುವ ಸಾಲಿನ ಕೆಳಗೆ ಅವನು ಸಹಿ ಹಾಕಿದ. ಆಮೇಲೆ ಅವಳು ಕೊಟ್ಟ ಚಹಾವನ್ನು ಕುಡಿಯದೆ ಡ್ಯೂಟಿಗೆ ಹೋದ.

ಅಂದಿನಿಂದ ಮನೆಯಲ್ಲಿ ಏನೋ ಒಂದು ಬದಲಾಯಿತು. ಇಂಥದ್ದೇ ಎಂದು ಬೆರಳಿಟ್ಟು ತೋರಿಸುವಂತಿರಲಿಲ್ಲ. ಬೆನ್ನ ಹಿಂದೆ ಹೆಂಡತಿ ಮಾತಾಡಿದರೆ ಡ್ರೈವರ್ ಬೆಚ್ಚುತ್ತಿದ್ದ. ಇಸ್ತ್ರಿಯಕ್ಕ ಕನ್ನಡಿಯ ಮುಂದೆ ತಲೆ ಬಾಚುತ್ತ, ಬಂದರಿನ ಆಸ್ಪತ್ರೆಯಲ್ಲಿ ಆ ಹಾಸಿಗೆಬಟ್ಟೆ ಬದಲಾಯಿಸಿದವರು ಯಾರಿರಬಹುದು, ಅದಕ್ಕೆ ಇಸ್ತ್ರಿ ಮಾಡಿದ್ದರೋ ಇಲ್ಲವೋ ಎಂದು ಯೋಚಿಸುತ್ತ ಬಾಚಣಿಗೆಯನ್ನು ಕೂದಲಲ್ಲೇ ಬಿಟ್ಟುಬಿಡುತ್ತಿದ್ದಳು. ಅಜ್ಜಿ ಒಮ್ಮೆ ಕೇಳಿದಳು: "ಏನೇ, ಮೂರೂ ಜನ ಸೂತಕದ ಮನೆಯವರ ಹಾಗೆ ಓಡಾಡ್ತೀರಲ್ಲ. ಯಾರು ಹೋದ್ರು?"

"ಯಾರೂ ಇಲ್ಲ ಅತ್ತೆ. ಹುಡುಗಿ ಹೋಗ್ತಾಳಲ್ಲ, ಅದಕ್ಕೆ."

"ಹೋದೋರು ಬರ್ತಾರೆ ಬಿಡು," ಎಂದಳು ಅಜ್ಜಿ.

ಕಾಲೇಜಿನ ಸಂದರ್ಶನ ಫೋನಿನಲ್ಲಿ, ಮುಖ ಕಾಣುವ ಹಾಗೆ ನಡೆಯಿತು. ಅಜ್ಜಿಯನ್ನು ಮೇಲಿನ ಮನೆಗೆ ಮಾತಾಡಲು ಕಳಿಸಿದ್ದರು. ಇಸ್ತ್ರಿಯಕ್ಕ ಕಾಣಿಸಬಾರದೆಂದು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಓದಿನ ಪ್ರಶ್ನೆಗಳೆಲ್ಲ ಮುಗಿದವು. ಆಚೆಯ ಹೆಂಗಸಿನ ದನಿ ಮೃದುವಾಯಿತು.

"ನಿಮ್ಮ ತಾಯಿ ನಮ್ಮಲ್ಲೇ ದುಡಿದು, ನಮ್ಮಲ್ಲೇ ತೀರಿಕೊಂಡರು ಅಂತ ಫೈಲಿನಲ್ಲಿ ನೋಡಿದೆ. ಅದಕ್ಕೇ ಈ ದೇಶಕ್ಕೆ ಬರಬೇಕು ಅನ್ನಿಸ್ತಾ?"

ಬಾಗಿಲ ಹಿಂದೆ ಇಸ್ತ್ರಿಯಕ್ಕ ಉಸಿರು ಹಿಡಿದಳು.

"ಹೌದು," ಎಂದಳು ಸೂಜಿ.

"ಅವರ ನೆನಪಿದೆಯಾ?"

"ಸ್ವಲ್ಪ. ಅವರ ಕೈ ಯಾವಾಗಲೂ ಬಿಸಿ ಇರ್ತಿತ್ತು. ಜ್ವರ ಬಂದ ಹಾಗೆ. ಸ್ಕೂಲಿಗೆ ಹೋಗೋವಾಗ ಆ ಕೈಯಲ್ಲೇ ನನ್ನ ಕೂದಲು ಒತ್ತಿ ಒತ್ತಿ ಕೂರಿಸೋರು." ಒಂದೂವರೆ ವರ್ಷದ ಕೂಸು ಸ್ಕೂಲಿಗೆ ಹೇಗೆ ಹೋಗುತ್ತದೆ ಎಂದು ಕೇಳುವಷ್ಟು ಲೆಕ್ಕ ಆಚೆಯವಳಿಗೆ ಆಗ ಹೊಳೆಯಲಿಲ್ಲ. ಅವಳು ಕಣ್ಣು ಒರೆಸಿಕೊಂಡಳೆಂದು ಸೂಜಿ ಆಮೇಲೆ ಹೇಳಿದಳು.

ಸೀಟು ಸಿಕ್ಕಿತು. ಆರರಲ್ಲಿ ಎರಡನೆಯದು.

ಹೊರಡುವ ದಿನ ಡ್ರೈವರ್ ರಜೆ ಹಾಕಿ ಗಡಿಯವರೆಗೆ ಹೋಗಿ ಬಂದ. ಇಸ್ತ್ರಿಯಕ್ಕ ಬಸ್ ನಿಲ್ದಾಣದಲ್ಲೇ ಉಳಿದಳು. ಗಡಿಯವರೆಗೆ ಹೋಗಲು ಅವಳಿಗೆ ಅಡ್ಡಿಯಿರಲಿಲ್ಲ. ಆದರೂ ಯಾರಾದರೂ ಹೆಸರು ಕೇಳಿದರೆ ಏನು ಹೇಳುವುದು ಎಂಬ ಅಂಜಿಕೆ. ಆಮೇಲಿನ ವಾರಗಳಲ್ಲಿ ಸೂಜಿ ಭಾನುವಾರ ಭಾನುವಾರ ಫೋನು ಮಾಡಿದಳು. ಹಾಸ್ಟೆಲ್ ಕೋಣೆಯಲ್ಲಿ ಬೇರೆ ಹುಡುಗಿಯರಿದ್ದರೆ ತಾಯಿಯನ್ನು ಅಪ್ಪ ಎಂದು ಕರೆಯುವಳು.

"ಊಟ ಆಯ್ತಾ ಅಪ್ಪ?"

"ಆಯ್ತು ಮಗಳೇ. ಚಳಿ ಇದೆಯಾ ಅಲ್ಲಿ?"

"ಇದೆ ಅಪ್ಪ. ಇವತ್ತು ಒಂದು ಮೊಣಕಾಲು ಕೀಲು ಪೂರ್ತಿ ಬಿಚ್ಚಿ ಜೋಡಿಸ್ದೆ."

ಪಕ್ಕದಲ್ಲಿ ಕೂತ ಡ್ರೈವರ್ ನೆಲ ನೋಡುತ್ತಿದ್ದ.

ಆರನೆಯ ವಾರ, ಇಸ್ತ್ರಿಯಕ್ಕನಿಗೆ ವಾರದ ರಜೆ. ಅಜ್ಜಿ ಮಂಚದ ಮೇಲೆ ಕೂತು ಅವರೆ ಸುಲಿಯುತ್ತಿದ್ದಳು. ಬೆಳಿಗ್ಗೆ ಹನ್ನೊಂದೂವರೆಗೆ ಮನೆಯ ಫೋನು ಬಡಿದುಕೊಂಡಿತು. ಹಾಸ್ಟೆಲಿನ ವಾರ್ಡನ್. ಹುಡುಗಿಗೆ ಬೆಳಗಿನಿಂದ ಹೊಟ್ಟೆನೋವು. ಅಪೆಂಡಿಕ್ಸ್, ಒಡೆಯುವ ಹಾಗಿದೆ, ಈಗಲೇ ಕೊಯ್ಯಬೇಕು ಅನ್ನುತ್ತಾರೆ ಡಾಕ್ಟರು. ತಂದೆಯ ಫೋನಿಗೆ ಏಳು ಸಲ ಮಾಡಿದೆ, ಎತ್ತುತ್ತಿಲ್ಲ.

"ಬಸ್ ಓಡಿಸೋವಾಗ ಎತ್ತಲ್ಲ ಅವರು," ಎಂದಳು ಇಸ್ತ್ರಿಯಕ್ಕ. ದನಿ ತನ್ನದಲ್ಲವೆನ್ನಿಸಿತು. "ಹೇಗಿದ್ದಾಳೆ?"

"ನೋವು ಜಾಸ್ತಿ ಇದೆ. ಅಮ್ಮಾ ಅಮ್ಮಾ ಅಂತ ಒಂದೇ ಸಮ ಕರೀತಿದ್ದಾಳೆ, ಪಾಪ. ತಾಯಿ ಇಲ್ಲದ ಹುಡುಗಿ, ಕೇಳೋಕಾಗಲ್ಲ. ರಕ್ತಸಂಬಂಧಿಯೊಬ್ಬರು ಒಪ್ಪಿಗೆ ಕೊಡಬೇಕು, ನಾನು ರೆಕಾರ್ಡ್ ಮಾಡ್ಕೋತೀನಿ. ನೀವು ಅವಳಿಗೆ ಏನಾಗಬೇಕು?"

ಗೋಡೆಯ ಮೇಲೆ ಬಿಸಿಲಿತ್ತು. ಅಜ್ಜಿಯ ಬೆರಳುಗಳ ನಡುವೆ ಒಂದು ಕಾಯಿ ಒಡೆಯಿತು.

"ನಾನು ಅವಳ ಸೋದರತ್ತೆ," ಎಂದಳು ಇಸ್ತ್ರಿಯಕ್ಕ. "ಅವಳಪ್ಪನ ತಂಗಿ."

"ನಿಮ್ಮ ಹೆಸರು ಹೇಳಿ."

ಇಸ್ತ್ರಿಯಕ್ಕ ನಾದಿನಿಯ ಹೆಸರು ಹೇಳಿದಳು. ಸರಿಯಾಗಿ ಕೇಳಿಸಲಿಲ್ಲ ಎಂದರು ವಾರ್ಡನ್. ಮತ್ತೊಮ್ಮೆ, ಬಿಡಿಸಿ ಬಿಡಿಸಿ ಹೇಳಿದಳು. "ಒಪ್ಪಿಗೆ ಇದೆ. ಮಾಡಿ. ಬೇಗ ಮಾಡಿ," ಎಂದಳು. ಒಂದು ಗಂಟೆಯಲ್ಲಿ ಮತ್ತೆ ಮಾಡುತ್ತೇನೆಂದು ವಾರ್ಡನ್ ಫೋನು ಇಟ್ಟರು.

ಹಿಂದೆ ಕಾಯಿ ಸುಲಿಯುವ ಸದ್ದು ನಿಂತಿತ್ತು.

"ಇಲ್ಲಿ ಬಾ," ಎಂದಳು ಅಜ್ಜಿ.

ಇಸ್ತ್ರಿಯಕ್ಕ ಹೋಗಿ ಮಂಚದ ಮುಂದೆ ನಿಂತಳು.

"ಹುಡುಗಿಗೆ ಏನಾಗಿದೆ?"

"ಅಪೆಂಡಿಕ್ಸ್ ಅತ್ತೆ. ಆಪರೇಷನ್ನಿಗೆ ಒಳಗೆ ಕರ್ಕೊಂಡು ಹೋಗ್ತಾರೆ."

"ಅವಳಮ್ಮ ಅಂತ ಹೇಳ್ಕೊಳ್ಳಲಿಲ್ಲ ನೀನು. ನನ್ನ ಮಗಳ ಹೆಸರು ಹೇಳ್ದೆ."

ಅಜ್ಜಿಯ ಮಂಜುಗಣ್ಣು ಸೊಸೆಯ ಮುಖವನ್ನು ಬಹಳ ಹೊತ್ತು ಹುಡುಕಿತು.

"ಅಷ್ಟು ಸಲೀಸಾಗಿ ಆ ಹೆಸರನ್ನ ನೀನು ತಗೊಂಡೆ ಅಂದ್ರೆ, ಇನ್ನು ಅವಳಿಗೆ ಅದು ಬೇಕಾಗಿಲ್ಲ. ಅಲ್ವಾ?"

"ಹೂಂ ಅತ್ತೆ."

"ಎಷ್ಟು ದಿನ ಆಯ್ತು?"

"ಎಂಟು ವರ್ಷ."

ಅಜ್ಜಿ ಮೊರದಲ್ಲಿದ್ದ ಕಾಳುಗಳನ್ನು ಅಂಗೈಯಿಂದ ಒಂದು ಕಡೆ ಸರಿಸಿದಳು, ಸಿಪ್ಪೆಯನ್ನು ಇನ್ನೊಂದು ಕಡೆ. ಮೊರವನ್ನು ಕೆಳಗಿಟ್ಟಳು. ತುಟಿಯನ್ನು ಕೈಯಿಂದ ಒತ್ತಿ ಹಿಡಿದಳು.

"ಆಪರೇಷನ್ ಎಷ್ಟು ಹೊತ್ತಂತೆ?"

"ಒಂದು ಗಂಟೆ."

"ಆ ಫೋನನ್ನ ಇಲ್ಲಿ ತಂದಿಡು. ನೀನೂ ಕೂತ್ಕೋ," ಎಂದಳು ಅಜ್ಜಿ, ಪಕ್ಕಕ್ಕೆ ಸರಿಯುತ್ತ. "ಮೊದಲು ಹುಡುಗಿ ಕಣ್ಣು ಬಿಡ್ಲಿ. ಅಳೋದು ಆಮೇಲೆ."